ತಾಟು ತೊಳೆದ ನೀರು

ಪತ್ರಿಕೆಯ ಡೆಸ್ಕಿನಲ್ಲಿ ಕೂತಿದ್ದಷ್ಟು ಕಾಲವೂ ಓದುಗರು ಬರೆದು ಕಳಿಸುತ್ತಿದ್ದ ವಿಚಿತ್ರ ಅನುಭವಗಳನ್ನು ತಿದ್ದುವ ಕೆಲಸ ನನ್ನ ಪಾಲಿಗೇ ಬರುತ್ತಿತ್ತು. ಸತ್ತ ಅಜ್ಜ ಬಂದು ಬಾಗಿಲು ತಟ್ಟಿದ್ದು, ಬಿಳಿ ಸೀರೆಯವಳು ಸ್ಕೂಟರಿಗೆ ಕೈ ಅಡ್ಡ ಹಾಕಿದ್ದು, ಕನಸಿನಲ್ಲಿ ಕಂಡ ಬಾವಿ ಮರುದಿನ ಎದುರಿಗೇ ಸಿಕ್ಕಿದ್ದು. ವಾರಕ್ಕೆ ಹತ್ತಾದರೂ ಬರುತ್ತಿದ್ದವು. ಒಂಬತ್ತನ್ನು ಕಸದಬುಟ್ಟಿಗೆ ಹಾಕಿ ಹತ್ತನೆಯದನ್ನು ಅಚ್ಚಿಗೆ ಕಳಿಸುತ್ತಿದ್ದೆ. ಕೆಲಸವಿಲ್ಲದವರಿಗೆ ದೆವ್ವ ಕಾಣುತ್ತದೆ, ನಮಗೆ ಗಡಿಯಾರ ಕಾಣುತ್ತದೆ ಅಂತ ಪಕ್ಕದವರ ಜೊತೆ ನಗುತ್ತಿದ್ದೆ. ಈಗ ಅಂಥದೇ ಒಂದನ್ನು ಬರೆಯಲು ನಾನೇ ಕೂತಿದ್ದೇನೆ. ಯಾರಾದರೂ ಇದನ್ನು ಬುಟ್ಟಿಗೆ ಹಾಕಿದರೆ ನನಗೆ ಸಿಟ್ಟು ಬರುವುದಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಇದು ರಾತ್ರಿ ನಡೆದದ್ದೂ ಅಲ್ಲ. ಹಾಡಹಗಲು, ಮಧ್ಯಾಹ್ನ ಮೂರು ಗಂಟೆಗೆ, ಕೆ.ಆರ್.ಪುರದ ಸಂತೆಯ ಹಿಂದೆ, ಲಾರಿಗಳ ಹೊಗೆಯ ನಡುವೆ ನಡೆದದ್ದು. ಕೆ.ಆರ್.ಪುರದ ತೂಗುಸೇತುವೆಯ ಕೆಲಸ ಇನ್ನೂ ನಡೆಯುತ್ತಿದ್ದ ಕಾಲ.

ಆಗ ನಾನು ಡೆಸ್ಕಿನ ಕೆಲಸದ ಜೊತೆಗೆ ಭಾನುವಾರದ ಪುರವಣಿಗೆ ಊಟ-ತಿಂಡಿಯ ಅಂಕಣ ಬರೆಯುತ್ತಿದ್ದೆ. ದೊಡ್ಡ ಹೋಟೆಲುಗಳ ಬಗ್ಗೆ ಬರೆಯಲು ಬೇರೆಯವರಿದ್ದರು. ನನ್ನದು ಸಣ್ಣವರ ಪಾಲು. ಹಲಸೂರಿನ ಸಂದಿಯಲ್ಲಿ ನಾಲ್ಕೇ ಬೆಂಚು ಹಾಕಿಕೊಂಡು ಪೊಂಗಲ್ ಬಡಿಸುವ ಅಣ್ಣತಮ್ಮಂದಿರು, ಶಿವಾಜಿನಗರದಲ್ಲಿ ಸಂಜೆ ಐದಕ್ಕೆ ಸರಿಯಾಗಿ ಈರುಳ್ಳಿ ಸಮೋಸದ ಬಾಣಲೆ ಇಡುವ ಭಾಯಿ, ಫ್ರೇಜರ್ ಟೌನಿನಲ್ಲಿ ಕಟ್ಟಿಗೆ ಒಲೆಯ ಬನ್ನು, ಇಂದಿರಾನಗರದಲ್ಲಿ ಗ್ಯಾರೇಜಿನೊಳಗೇ ಹೋಳಿಗೆ ಮಾಡಿ ಮಾರುವ ಅತ್ತೆ-ಸೊಸೆ. ನಾನು ಮಾಂಸ ತಿನ್ನುವವನಲ್ಲ. ಆದರೂ ಕಬಾಬಿನ ಹೊಗೆಯಲ್ಲಿ ನಿಂತು ಹಾಲಿಲ್ಲದ ಸುಲೇಮಾನಿ ಚಹಾ ಕುಡಿಯುವುದನ್ನು ಕಲಿತಿದ್ದೆ. ಮೊದಲೆರಡು ವರ್ಷ ಹುಚ್ಚು ಹಿಡಿದವನ ಹಾಗೆ ತಿರುಗಿದೆ. ಬೋರ್ಡು ಇಲ್ಲದ ಒಂದು ಒಳ್ಳೆಯ ಅಂಗಡಿ ಸಿಕ್ಕರೆ ಅವತ್ತು ನಿದ್ದೆ ಬರುತ್ತಿರಲಿಲ್ಲ.

ಆರು ವರ್ಷವಾಗುವ ಹೊತ್ತಿಗೆ ನಿಜ ಹೇಳಬೇಕೆಂದರೆ ಸಾಕಾಗಿಹೋಗಿತ್ತು. ಎಣ್ಣೆಯ ವಾಸನೆ ಬಂದರೆ ಮೂಗು ಮುಚ್ಚಿಕೊಳ್ಳುತ್ತಿದ್ದೆ. ಹಸಿವು ಎಂಬುದು ಹೇಗಿರುತ್ತದೆ ಎಂದೇ ಮರೆತಿದ್ದೆ. ಒಂದೇ ದಿನ ನಾಲ್ಕು ಅಂಗಡಿ ಸುತ್ತಬೇಕಾದವನು ಎಲ್ಲಿಯೂ ಹೊಟ್ಟೆ ತುಂಬ ತಿನ್ನುವಂತಿಲ್ಲವಲ್ಲ. ಅದಕ್ಕೆ ನಾನೊಂದು ಪದ್ಧತಿ ಮಾಡಿಕೊಂಡಿದ್ದೆ. ಮೂರು ತುತ್ತು. ಮೊದಲನೆಯದು ಬಿಸಿಗೆ, ಎರಡನೆಯದು ಉಪ್ಪು ಖಾರಕ್ಕೆ, ಮೂರನೆಯದು ಬರೆಯುವುದಕ್ಕೆ. ಮೂರಾದ ಮೇಲೆ ಎಷ್ಟೇ ರುಚಿಯಿರಲಿ ತಟ್ಟೆ ಸರಿಸಿ ಎದ್ದುಬಿಡುತ್ತಿದ್ದೆ. ಅಂಗಡಿಯವರ ಮುಖ ಬಾಡುತ್ತಿತ್ತು. ನಾನು ನೋಡದವನಂತೆ ಕೈ ತೊಳೆಯುತ್ತಿದ್ದೆ.

ಇದು ನನ್ನ ಅವ್ವನ ಕಣ್ಣಿಗೆ ಬಿದ್ದದ್ದು ಒಂದೇ ಸಲ. ಅಪ್ಪ ಹೋದ ಮೇಲೆ ಅವ್ವ ಗದಗಿನಿಂದ ಬಂದು ಲಿಂಗರಾಜಪುರದ ನಮ್ಮ ಬಾಡಿಗೆ ಮನೆಯಲ್ಲಿ, ನನ್ನ ಮತ್ತು ನನ್ನ ಹೆಂಡತಿ ವಿಮಲಾಳ ಜೊತೆಗೇ ಇದ್ದಳು. ಒಮ್ಮೆ ಬಹಳ ಹುರುಪಿನಿಂದ ಅವಳನ್ನು ಇಂದಿರಾನಗರದ ಒಂದು ಊಟದ ಮನೆಗೆ ಕರೆದುಕೊಂಡು ಹೋದೆ. ಅವ್ವ ಊಟ ಮಾಡುವ ಕ್ರಮವೇ ಬೇರೆ. ಒಂದು ಅಗುಳೂ ಬಿಡುತ್ತಿರಲಿಲ್ಲ. ಕೊನೆಗೆ ತಾಟಿಗೆ ನೀರು ಸುರುವಿ, ಬೆರಳಿನಿಂದ ಸುತ್ತಲೂ ಬಳಿದು, ಆ ನೀರನ್ನೂ ಕುಡಿದುಬಿಡುತ್ತಿದ್ದಳು. ನಮ್ಮ ಕಡೆ ಹಿರಿಯರು ಹಾಗೆಯೇ. ಊಟವೆಂದರೆ ಪ್ರಸಾದ. ಪ್ರಸಾದ ಮೋರಿಗೆ ಹೋಗಬಾರದು. ಅವತ್ತೂ ಹಾಗೇ ಕುಡಿದಳು. ಪಕ್ಕದ ಮೇಜಿನ ಹುಡುಗಿಯರು ಮುಖ ಮುಖ ನೋಡಿಕೊಂಡರು. ನನಗೆ ನಾಚಿಕೆಯಾಯಿತು, ಹೌದು, ಆಯಿತು. ಅವಸರದಲ್ಲಿ ನನ್ನ ಮೂರು ತುತ್ತು ಮುಗಿಸಿ ಎದ್ದೆ. ಅವ್ವ ನನ್ನ ತುಂಬಿದ ತಟ್ಟೆಯನ್ನು ನೋಡಿದಳು.

"ತಾಟಿನ್ಯಾಗ ಅನ್ನಾ ಬಿಟ್ಟು ಎದ್ದ್ಯಲ್ಲೋ," ಎಂದಳು. ಅಷ್ಟೇ.

"ಅದು ನನ್ನ ಕೆಲಸದ ರೀತಿ, ಅವ್ವಾ."

"ಉಣ್ಣೂದು ಕೆಲಸಾ ಏನು?"

ಅವತ್ತಿನಿಂದ ಅವಳು ನನ್ನ ಜೊತೆ ಯಾವ ಹೋಟೆಲಿಗೂ ಬರಲಿಲ್ಲ. ನಾನೂ ಕರೆಯಲಿಲ್ಲ. ಎಲ್ಲೋ ಒಳಗೊಳಗೇ ಸಮಾಧಾನವೇ ಆಗಿತ್ತು.

ಆಮೇಲೆ ಅವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಬಿರುಕು ಬಿಟ್ಟಿತು. ಮಹಡಿಯ ಮೇಲಿನ ಮನೆ, ಹದಿನೆಂಟು ಮೆಟ್ಟಿಲು. ಮಂಚ ಹಿಡಿದವಳು ಒಂದು ತಿಂಗಳಲ್ಲಿ ಊಟ ಬಿಟ್ಟಳು. ಹಟವಲ್ಲ, ಸಿಟ್ಟಲ್ಲ. ಬಾಯಿಯ ಹತ್ತಿರ ಚಮಚ ತಂದರೆ ಮೆಲ್ಲಗೆ ಮುಖ ಪಕ್ಕಕ್ಕೆ ತಿರುಗಿಸುತ್ತಿದ್ದಳು. ಗಂಜಿ ಎರಡು ಗುಟುಕು, ಹಾಲು ಒಂದು ಗುಟುಕು. ಡಾಕ್ಟರು ಬಂದು ನೋಡಿ ಹೊರಗಿನ ಕೋಣೆಗೆ ನನ್ನನ್ನು ಕರೆದರು. "ಮೂಳೆ ಕೂಡಿಕೊಳ್ತಾ ಇದೆ ಇವ್ರೇ. ಆದ್ರೆ ಹೊಟ್ಟೆಗೆ ಹೋಗ್ದೇ ಇದ್ರೆ ನಾನೇನು ಮಾಡಕ್ಕಾಗುತ್ತೆ? ಹೀಗೇ ಆದ್ರೆ ಜಾಸ್ತಿ ದಿನ ಇರಲ್ಲ. ಏನಾದ್ರೂ ಮಾಡಿ ತಿನ್ನಿಸಿ," ಎಂದರು.

ಏನಾದ್ರೂ ಮಾಡಿ! ಬೆಂಗಳೂರಿನ ಯಾವ ಸಂದಿಯಲ್ಲಿ ಯಾವ ತಿಂಡಿ ಎಷ್ಟು ಹೊತ್ತಿಗೆ ಬಿಸಿಯಿರುತ್ತದೆ ಎಂದು ಬಲ್ಲವನು ನಾನು. ಹಲಸೂರಿನ ಪೊಂಗಲ್ ತಂದೆ, ಮುಟ್ಟಲಿಲ್ಲ. ಫ್ರೇಜರ್ ಟೌನಿನ ಬನ್ನನ್ನು ಹಾಲಿನಲ್ಲಿ ಅದ್ದಿಕೊಟ್ಟೆ, ಉಗುಳಿದಳು. ಹೋಳಿಗೆಯ ಅತ್ತೆ ವಿಷಯ ಕೇಳಿ ತಾನೇ ಮೆತ್ತಗೆ ಬೇಯಿಸಿ ಕೊಟ್ಟಳು, ಅದೂ ಬೇಡವಾಯಿತು. ಜೋಳದ ರೊಟ್ಟಿ ಕೊಟ್ಟರೆ ತಿನ್ನಬಹುದು ಎಂದು ವಿಮಲಾ ಹಿಟ್ಟು ಕಲಸಿದಳು. ಅವಳು ತುಮಕೂರಿನ ಕಡೆಯವಳು, ಮುದ್ದೆ ತಿರುವುವ ಕೈ. ರೊಟ್ಟಿ ಹೆಂಚಿನ ಮೇಲೇ ನಾಲ್ಕು ಹೋಳಾಯಿತು. ಪಾಪ, ಅಡುಗೆಮನೆಯಲ್ಲಿ ನಿಂತು ಅತ್ತಳು. ಮೆಜೆಸ್ಟಿಕ್ ಕಡೆಯ ಖಾನಾವಳಿಯಿಂದಲೂ ರೊಟ್ಟಿ ತಂದೆ. ಊರು ದಾಟಿ ಬರುವಷ್ಟರಲ್ಲಿ ಅದು ಚರ್ಮದಂತಾಗಿತ್ತು.

ನಾನು ಏನೇ ತಂದು ಬಿಚ್ಚಿದರೂ ಅವ್ವ ಕೇಳುತ್ತಿದ್ದದ್ದು ಒಂದೇ ಮಾತು. "ನೀ ಉಂಡಿ ಏನೋ?"

"ಸಾಕಾಗೇತಿ ಅವ್ವಾ, ದಿನಾ ಹೊರಗ ತಿಂದು ತಿಂದು," ಎನ್ನುತ್ತಿದ್ದೆ. ಅವಳು ಮುಖ ತಿರುಗಿಸುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಸಾಯುತ್ತಿರುವವಳು ಅವಳು, ಊಟದ ವಿಚಾರಣೆ ನನ್ನದು.

ಆ ದಿನ ಗುರುವಾರ. ಅಂಕಣಕ್ಕೆ ಏನೂ ಹೊಳೆಯದೆ ಆಫೀಸಿನಲ್ಲಿ ತಲೆ ಹಿಡಿದು ಕೂತಿದ್ದೆ. ನಮ್ಮಲ್ಲಿ ಪುಟ ಕಟ್ಟುತ್ತಿದ್ದ ಮುನಿರಾಜು ಪಕ್ಕಕ್ಕೆ ಬಂದ. ಮಹದೇವಪುರದ ಹಳೆಯ ರೈತರ ಮನೆಯವನು. ಅವನ ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಆಗ ಗಾಜಿನ ಕಟ್ಟಡ ಏಳುತ್ತಿತ್ತು. "ಯಾಕ್ ಗುರು, ಮಕ ಹಿಂಗ್ ಮಾಡ್ಕೊಂಡಿದೀಯ?" ಅಂದ. ಅವ್ವನ ವಿಷಯ ಹೇಳಿದೆ.

"ನಿಮ್ ಕಡೆ ರೊಟ್ಟಿ ತಾನೆ? ಕೆ.ಆರ್.ಪುರ ಸಂತೆ ಹಿಂದ್ಗಡೆ ಒಂದು ಆಯಮ್ಮ ಮಾಡ್ತಾಳೆ ನೋಡು. ಶಾಂತಕ್ಕ ಅಂತ ಏನೋ. ನಮ್ ಹೊಲ್ದಾಗೆ ಗಾರೆ ಕೆಲ್ಸಕ್ಕೆ ಬಂದೋರೆಲ್ಲಾ ಅಲ್ಲೇ ಉಣ್ಣೋದು. ಬೋರ್ಡು ಗೀರ್ಡು ಇಲ್ಲ. ತಗಡಿನ ಶೀಟು, ಮುಂದ್ಗಡೆ ಹುಣಸೇಮರ. ಹೋಗ್ಬಾ ಮಗಾ, ಕಳ್ಕೊಳ್ಳೋದೇನು?"

ಇದನ್ನು ಅವನು ಹೇಳಿದ್ದು ಹನ್ನೆರಡೂವರೆಗೆ. ಅಲ್ಲಿಯವರೆಗೆ ಆ ಹೆಂಗಸಿನ ಹೆಸರನ್ನಾಗಲಿ ಆ ಜಾಗವನ್ನಾಗಲಿ ನಾನು ಕೇಳಿರಲಿಲ್ಲ. ಮನೆಗೂ ಫೋನು ಮಾಡಿ ತಿಳಿಸಲಿಲ್ಲ. ಈ ಎರಡು ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಆಮೇಲೆ ನಾನೇ ನೂರು ಸಲ ಇವನ್ನು ತಿರುವಿ ಹಾಕಿ ನೋಡಿದ್ದೇನೆ.

ಶಿವಾಜಿನಗರದಲ್ಲಿ ಬಸ್ಸು ಹತ್ತಿದೆ. ಹಲಸೂರು ದಾಟುವುದಕ್ಕೇ ಮುಕ್ಕಾಲು ಗಂಟೆ. ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸು ನಿಂತದ್ದು ನಿಂತೇಬಿಟ್ಟಿತು. ಇಳಿದು ಧೂಳಿನಲ್ಲಿ ನಡೆದೆ. ಕಾಲೆಳೆದುಕೊಂಡು ಹೋಗುವಾಗ ಅನಿಸಿತು, ಇದೂ ಅಷ್ಟೇ, ಇನ್ನೊಂದು ಪೊಟ್ಟಣ, ಇನ್ನೊಂದು ಸಲ ಅವ್ವ ಮುಖ ತಿರುಗಿಸುವುದು. ಅರ್ಧ ದಾರಿಯಿಂದ ವಾಪಸು ಹೋಗಿಬಿಡೋಣವೆಂದು ಎರಡು ಸಲ ನಿಂತೆ.

ಸಂತೆಯ ಹಿಂದೆ ಹುಣಸೇಮರ ಸಿಕ್ಕಿತು. ತಗಡಿನ ಚಾವಣಿ, ಮಣ್ಣಿನ ನೆಲ, ಎರಡು ಉದ್ದ ಬೆಂಚು. ಊಟದ ಹೊತ್ತು ಮುಗಿದು ಒಳಗೆ ಯಾರೂ ಇರಲಿಲ್ಲ. ಐವತ್ತರ ಆಸುಪಾಸಿನ ಹೆಂಗಸು ಒಲೆಯ ಮುಂದೆ ಕೂತಿದ್ದಳು. ಹೆಂಚು ಇನ್ನೂ ಕೆಳಗಿಳಿಸಿರಲಿಲ್ಲ. ನನ್ನನ್ನು ನೋಡಿ, ಬಹಳ ಹೊತ್ತಿನಿಂದ ಕಾದವಳ ಹಾಗೆ, "ಬಂದ್ರಿ? ಕೈ ತೊಳಕೊಳ್ರಿ," ಎಂದಳು.

"ಊಟ ಬೇಡವ್ವಾ, ಪಾರ್ಸೆಲ್ ಬೇಕಾಗಿತ್ತು. ಮೆತ್ತನೆ ರೊಟ್ಟಿ..."

"ಅದನ್ನೂ ಕಟ್ಟಿಕೊಡ್ತೀನ್ರಿ. ಮೊದಲ ನೀವು ಕೂಡ್ರಿ. ನಿಮ್ಮವ್ವಾರು ಹೇಳಿ ಹೋಗ್ಯಾರ."

ಬೇರೆ ಯಾರನ್ನೋ ಕಾಯುತ್ತಿದ್ದಾಳೆ ಎಂದುಕೊಂಡೆ. "ನನ್ನನ್ನ ಯಾರು ಅಂತ ತಿಳಕೊಂಡ್ರಿ?" ಎಂದು ನಕ್ಕೆ.

ಅವಳು ನಗಲಿಲ್ಲ. "ಪೇಪರ್‌ನ್ಯಾಗ ಊಟದ ಬಗ್ಗೆ ಬರಿತೀರಂತಲ್ರಿ. ಮೂರು ತುತ್ತು ಉಂಡು ತಾಟಿನ್ಯಾಗ ಬಿಟ್ಟು ಏಳ್ತೀರಂತ. 'ನನ್ನ ಮಗ ಬರ್ತಾನ, ಊರೆಲ್ಲಾ ತಿಂತಾನ, ಖರೆ ಅಂವಾ ಉಂಡು ಭಾಳ ವರ್ಷಾತು. ಕೂಡ್ಸಿ ಉಣಸವ್ವಾ, ನಡುವ ಏಳಾಕ ಬಿಡಬ್ಯಾಡ' ಅಂದ್ರು. ಅದಕ್ಕ ಹೆಂಚು ಇಳಿಸಿಲ್ಲ ನಾನು."

ನನ್ನ ನಗು ನಿಂತಿತು. ಆದರೂ ಪತ್ರಿಕೆಯವನ ಚಾಳಿ ಎಲ್ಲಿಗೆ ಹೋಗುತ್ತದೆ? ಒಂದೊಂದಾಗಿ ಕೇಳಿದೆ. ಎಷ್ಟು ಹೊತ್ತಿಗೆ ಬಂದಿದ್ದರು? ಬೆಳಿಗ್ಗೆ ಹತ್ತರ ಸುಮಾರಿಗೆ, ಮೊದಲನೆಯ ರೊಟ್ಟಿ ಬೇಯುವಾಗ. ಯಾರ ಜೊತೆ? ಒಬ್ಬರೇ. ಯಾವ ಸೀರೆ? ಹಸಿರು ಇಳಕಲ್ಲು. ಮುಂಗೈ ಮೇಲೆ ಹಚ್ಚೆ ಇತ್ತೇ? ಇತ್ತು, ತುಳಸಿಕಟ್ಟೆಯ ಹಾಗೆ. ಅವ್ವನ ಮುಂಗೈ ಮೇಲಿನ ಹಚ್ಚೆಯನ್ನು ನಾನು ಚಿಕ್ಕವನಿದ್ದಾಗ ಬೆರಳಿನಿಂದ ತಿದ್ದುತ್ತಿದ್ದೆ. ಅದು ತುಳಸಿಕಟ್ಟೆಯೇ.

"ಅಷ್ಟು ಮಂದಿ ಬರ್ತಾರ, ಅವರೊಬ್ಬರ ನೆನಪು ಹೆಂಗ ಉಳೀತು?" ಎಂದೆ.

"ಉಂಡ ಮ್ಯಾಲೆ ತಾಟು ತೊಳದು ಕುಡದ್ರಲ್ರಿ. ನಮ್ಮತ್ತಿ ಹಂಗ ಮಾಡ್ತಿದ್ಲು. ಈ ಊರಿಗೆ ಬಂದ ಮ್ಯಾಲೆ ನಾ ಯಾರನ್ನೂ ನೋಡಿದ್ದಿಲ್ಲ. ಕಣ್ಣಾಗ ನೀರು ಬಂತು ನನಗ."

ಎದ್ದು ರಸ್ತೆಗೆ ಓಡಿದೆ. ಮೂಲೆಯ ಅಂಗಡಿಯಲ್ಲಿ ಒಂದು ರೂಪಾಯಿ ನಾಣ್ಯ ಹಾಕುವ ಫೋನಿತ್ತು. ವಿಮಲಾ ಎತ್ತಿದಳು. "ಅವ್ವ ಎಲ್ಲಿದಾಳೆ?" ಎಂದೆ.

"ಎಲ್ಲಿರ್ತಾರ್ರೀ? ಮಂಚದ್ ಮೇಲೆ. ಬೆಳಿಗ್ಗೆಯಿಂದ ಒಂದೇ ನಿದ್ದೆ, ಗಂಜೀನೂ ಕುಡೀಲಿಲ್ಲ. ಯಾಕ್ರೀ, ಧ್ವನಿ ಯಾಕ್ ಹಂಗಿದೆ?"

"ನೀನು ಎಲ್ಲಾದ್ರೂ ಹೊರಗೆ ಹೋಗಿದ್ದೆಯಾ?"

"ಅವರನ್ನ ಬಿಟ್ಟು ನಾನೆಲ್ಲಿಗ್ರೀ ಹೋಗ್ಲಿ?"

ಮರಳಿ ಬಂದು ಬೆಂಚಿನ ಮೇಲೆ ಕೂತೆ. ಶಾಂತಕ್ಕ ಹಿಟ್ಟು ತಟ್ಟತೊಡಗಿದಳು. ಪಟಪಟ ಸದ್ದು. ಆ ಸದ್ದು ನಮ್ಮ ಮನೆಯಲ್ಲಿ ಅವ್ವ ಬಿದ್ದ ದಿನದಿಂದ ನಿಂತಿತ್ತು. ಎರಡು ರೊಟ್ಟಿ, ಬದನೆಕಾಯಿ, ಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು. ಮುಂದೆ ಇಟ್ಟು ಎದುರಿಗೇ ಕೂತುಬಿಟ್ಟಳು.

ಒಂದು ತುತ್ತು, ಎರಡು, ಮೂರು. ಮೂರಕ್ಕೆ ಕೈ ತಾನೇ ನಿಂತಿತು. ಆರು ವರ್ಷದ ಅಭ್ಯಾಸ. ತಾಟು ಸರಿಸಲು ಕೈ ಹೋಯಿತು.

"ಬ್ಯಾಡಾದ್ರ ಏಳ್ರಿ," ಎಂದಳು ಶಾಂತಕ್ಕ. "ಖರೆ ನಾ ಅವ್ವಾರಿಗೆ ಏನಂತ ಹೇಳ್ಲಿ?"

ನಾಲ್ಕನೆಯ ತುತ್ತು ಎತ್ತಿದೆ. ನೀರು ಕುಡಿದೆ, ಮತ್ತೆ ಎತ್ತಿದೆ. ಐದು, ಆರು. ಯಾವಾಗಲೋ ಎಣಿಕೆ ತಪ್ಪಿತು. ಎರಡು ರೊಟ್ಟಿ ಮುಗಿದು ಮೂರನೆಯದು ಬಿದ್ದದ್ದು ಗೊತ್ತಾಗಲಿಲ್ಲ. ಒಳಗೆ ಇಷ್ಟೊಂದು ಹಸಿವು ಎಲ್ಲಿ ಅಡಗಿತ್ತೋ! ಅಳುತ್ತ ಉಂಡೆ ಎಂದು ಹೇಳಲು ನನಗೆ ಸಂಕೋಚವಿಲ್ಲ. ಕೊನೆಗೆ ತಾಟಿಗೆ ನೀರು ಸುರುವಿ, ಬೆರಳಿನಿಂದ ಬಳಿದು, ಎರಡೂ ಕೈಯಲ್ಲಿ ಎತ್ತಿ ಕುಡಿದೆ. ಹತ್ತನೆಯ ವಯಸ್ಸಿನ ಮೇಲೆ ಹಾಗೆ ಮಾಡಿರಲಿಲ್ಲ. ಶಾಂತಕ್ಕ ಆಗ ಎದ್ದು ರೊಟ್ಟಿ ಕಟ್ಟಲು ಹೋದಳು.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅವ್ವ ಎಚ್ಚರವಾಗಿದ್ದಳು. ನಾನು ಪೊಟ್ಟಣ ಬಿಚ್ಚುವ ಮೊದಲೇ ಕೇಳಿದಳು, "ಉಂಡಿ ಏನೋ?"

"ಉಂಡೆ ಅವ್ವಾ."

"ತಾಟು?"

ಈ ಪ್ರಶ್ನೆಯನ್ನು ಅವಳು ಹಿಂದೆಂದೂ ಕೇಳಿದವಳಲ್ಲ. "ತೊಳದು ಕುಡದೆ," ಎಂದೆ.

"ಹಂಗಾರ ನನಗೂ ಒಂದೀಟು ಕೊಡು," ಎಂದಳು ಅವ್ವ.

ರೊಟ್ಟಿಯನ್ನು ಬೇಳೆಸಾರಿನಲ್ಲಿ ನೆನೆಸಿ ಕೊಟ್ಟೆ. ಮೆಲ್ಲಗೆ, ಬಹಳ ಮೆಲ್ಲಗೆ, ಕಾಲು ರೊಟ್ಟಿ ತಿಂದಳು. ವಿಮಲಾ ಬಾಗಿಲಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ಮರುದಿನ ಅರ್ಧ ತಿಂದಳು. ನಾನು ದಿನಾ ರಾತ್ರಿ ಅವಳ ಮಂಚದ ಪಕ್ಕ ನೆಲದ ಮೇಲೆ ಕೂತು ಉಣ್ಣತೊಡಗಿದೆ. ನನ್ನ ತಾಟು ಖಾಲಿಯಾಗುವವರೆಗೆ ಅವಳೂ ಬಾಯಾಡಿಸುತ್ತಿದ್ದಳು. ಆಮೇಲೆ ಎಂಟು ತಿಂಗಳು ಇದ್ದಳು. ಕೋಲು ಹಿಡಿದು ಬಾಲ್ಕನಿಯವರೆಗೆ ನಡೆದಳು. ಮೆಟ್ಟಿಲು ಮಾತ್ರ ಇಳಿಯಲಿಲ್ಲ.

ನಾನು ಸುಮ್ಮನಿರಲಿಲ್ಲ. ಮುನಿರಾಜುವನ್ನು ಕೂರಿಸಿಕೊಂಡು ವಿಚಾರಿಸಿದೆ, ನೀನೇ ಮೊದಲು ಹೇಳಿಟ್ಟಿದ್ದೆಯಾ ಎಂದು. "ಅಮ್ಮನಾಣೆ ಇಲ್ಲ ಗುರು," ಅಂದ. ಅವನಿಗೆ ನನ್ನ ಮೂರು ತುತ್ತಿನ ವಿಷಯವೂ ಗೊತ್ತಿರಲಿಲ್ಲ. ಅಂಕಣದಲ್ಲಿ ನನ್ನ ಫೋಟೋ ಬರುತ್ತಿರಲಿಲ್ಲ. ಬೇರೆ ಯಾರೋ ಮುದುಕಿ ಇರಬಹುದೇ? ಬೆಂಗಳೂರಿನಲ್ಲಿ ಹಸಿರು ಇಳಕಲ್ ಸೀರೆಯ ಮುದುಕಿಯರಿಗೆ ಬರವಿಲ್ಲ. ಆದರೆ ಊಟದ ಬಗ್ಗೆ ಪೇಪರಿನಲ್ಲಿ ಬರೆದು ಮೂರು ತುತ್ತಿಗೆ ಏಳುವ ಮಗ ಎಷ್ಟು ಮುದುಕಿಯರಿಗಿದ್ದಾನು? ಕೊನೆಗೆ ಅವ್ವನನ್ನೇ ಕೇಳಿದೆ. "ನಿನಗ ಹುಚ್ಚು ಹಿಡದೈತಿ. ನಾ ಎದ್ದು ಕೂಡ್ರಾಕ ಆಗವಲ್ದು, ಯಾವ ಪುರಕ್ಕ ಹೋಗ್ಲೋ?" ಎಂದು ಬೈದಳು.

ಒಂದು ದಿನ ಶಾಂತಕ್ಕನನ್ನೇ ಮನೆಗೆ ಕರೆತಂದೆ. ಅವ್ವ ಮಲಗಿದ್ದಳು. ಶಾಂತಕ್ಕ ಬಹಳ ಹೊತ್ತು ಅವಳ ಮುಖ ನೋಡಿದಳು, ಮುಂಗೈಯ ಹಚ್ಚೆ ನೋಡಿದಳು. "ಮಾರಿ ಇದ ಐತ್ರಿ. ಧ್ವನಿ ಕೇಳಿದ್ರ ಹೇಳಬಹುದು. ಅವತ್ತ ಇಷ್ಟು ಸೊರಗಿದ್ದಿಲ್ಲ. ಗಟ್ಟಿ ಇದ್ರು, ನಡಕೋತ ಬಂದಿದ್ರು," ಎಂದು ಪಿಸುಗುಟ್ಟಿದಳು. ಅಷ್ಟರಲ್ಲಿ ಅವ್ವ ಕಣ್ಣು ಬಿಟ್ಟು ಅವಳನ್ನೇ ದಿಟ್ಟಿಸಿ, "ಯಾರವ್ವಾ ನೀ? ಕೂಡು, ಉಂಡು ಹೋಗು," ಎಂದಳು. ಶಾಂತಕ್ಕ ಕೈಯಲ್ಲಿದ್ದ ರೊಟ್ಟಿಯ ಗಂಟನ್ನು ಮಂಚದ ಪಕ್ಕ ಇಟ್ಟು ಕೂತಳು. ಧ್ವನಿಯ ಬಗ್ಗೆ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅವತ್ತು ನಾಲ್ವರೂ ಒಟ್ಟಿಗೆ ಕೂತು ಉಂಡೆವು.

ಅವ್ವ ತೀರಿಹೋದ ವರ್ಷವೇ ಅಂಕಣ ಬಿಟ್ಟೆ. ರಸ್ತೆ ಅಗಲವಾದಾಗ ಹುಣಸೇಮರವೂ ತಗಡಿನ ಚಾವಣಿಯೂ ಹೋದವು. ಶಾಂತಕ್ಕ ಮಗಳ ಊರಿಗೆ ಹೋದಳೆಂದು ಕೇಳಿದೆ. ಪೂರ್ವ ಬೆಂಗಳೂರಿನ ಸಣ್ಣ ಅಂಗಡಿಗಳಲ್ಲಿ ನಾನು ಒಂದಕ್ಷರವೂ ಬರೆಯದೆ ಬಿಟ್ಟದ್ದು ಅದೊಂದನ್ನೇ. ಬರೆಯಲು ಕೂತರೂ ಏನೆಂದು ಬರೆಯಲಿ? ಇಷ್ಟು ವರ್ಷ ಉಪ್ಪು ಖಾರ ಅಳೆದವನಿಗೆ ಆ ದಿನದ ಬದನೆಕಾಯಿಗೆ ಉಪ್ಪು ಹೆಚ್ಚಾಗಿತ್ತೋ ಕಡಿಮೆಯಾಗಿತ್ತೋ ಒಂದೂ ನೆನಪಿಲ್ಲ. ನೆನಪಿರುವುದು ಕೊನೆಯ ಆ ತಾಟು ತೊಳೆದ ನೀರು ಮಾತ್ರ, ಸ್ವಲ್ಪ ಖಾರ, ಸ್ವಲ್ಪ ಮೊಸರು. ಅವತ್ತು ಬೆಳಿಗ್ಗೆ ಹತ್ತಕ್ಕೆ ಆ ಬೆಂಚಿನ ಮೇಲೆ ಕೂತು ಉಂಡವರು ಯಾರು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.